ತೂಗುದೀಪ ನೋಡಲು ಕಲಿಯುವವರಿಗೆ

ಎಕ್ಕಂಬಿ, ಶಿರಸಿ ಕಡೆ ಈಚೆಗೆ ಯಾರ ಗೃಹಪ್ರವೇಶಕ್ಕೆ ಹೋದರೂ ಅದೇ ಪಿಓಪಿ ಸೀಲಿಂಗು, ಅಂಚಿನಲ್ಲಿ ಅಡಗಿಸಿಟ್ಟ ಎಲ್‌ಇಡಿ ಪಟ್ಟಿ, ತೂತು ಕೊರೆದು ಕೂರಿಸಿದ ದುಂಡು ಬಲ್ಬುಗಳು. ಬಂದವರು ಕತ್ತೆತ್ತಿ ನೋಡಿ ‘ಭಾರಿ ಚೊಲೋ ಆಜು’ ಎನ್ನುತ್ತಾರೆ. ದೀಪವನ್ನೇ ಬಚ್ಚಿಟ್ಟ ಮೇಲೆ ಚೊಲೋ ಆಗಿದ್ದಾದರೂ ಏನು?

ದೀಪವನ್ನು ಮೊದಲು ಹಗಲಲ್ಲಿ ನೋಡಿ. ಆರಿದಾಗಲೂ ಕೋಣೆಯನ್ನು ಹಿಡಿದು ನಿಲ್ಲಿಸುವ ಆಕಾರ ಅದಕ್ಕಿರಬೇಕು. ಆಮೇಲೆ ಎಷ್ಟು ಇಳಿಬಿಟ್ಟಿದ್ದಾರೆ ನೋಡಿ. ನನ್ನ ಮಟ್ಟಿಗೆ ಮುಕ್ಕಾಲು ಪಾಲು ರಸಿಕತೆ ಅಲ್ಲೇ ಇದೆ. ನಮ್ಮ ಹಳೇ ಮನೆಗಳ ದೇವರ ಕೋಣೆಯಲ್ಲಿ ಹಿತ್ತಾಳೆ ತೂಗುದೀಪ ತೊಲೆಯಿಂದ ಸರಪಳಿಯಲ್ಲಿ ಇಳಿದು, ನಿಂತವರ ಕೈಗೆ ಎಟಕುವಲ್ಲಿ ನಿಲ್ಲುತ್ತದೆ. ಎಣ್ಣೆ ಹೊಯ್ಯಬೇಕು, ಬತ್ತಿ ಮುಂದೂಡಬೇಕು. ಆ ಎತ್ತರಕ್ಕೆ ಕಾರಣ ಅದು. ಆದರೆ ಅದರಿಂದಲೇ ಹೊಗೆಗೆ ಕಪ್ಪಾದ ಮುಚ್ಚಿಗೆ ಕತ್ತಲಲ್ಲೇ ಉಳಿಯುತ್ತದೆ, ಬೆಳಕು ಮುಖದ ಮಟ್ಟಕ್ಕೆ ಬರುತ್ತದೆ, ಸರಪಳಿಯ ಕೊಂಡಿ ಕೊಂಡಿಯೂ ಮಿನುಗುತ್ತದೆ. ಯಾರಾದರೂ ಪಕ್ಕದಲ್ಲಿ ಹಾದರೆ ಕುಡಿ ಓಲಾಡಿ, ಗೋಡೆಯ ಮೇಲಿನ ನೆರಳೂ ಜರುಗುತ್ತದೆ. ಅದೇ ದೀಪವನ್ನು ಕೊಂಡು ತಂದು ಮೋಟು ಸರಪಳಿಯಲ್ಲಿ ಸೀಲಿಂಗಿಗೆ ಒತ್ತಿ ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಊಟದ ಮೇಜಿನ ಮೇಲಾದರೆ ಹಲಗೆಯಿಂದ ದೀಪದ ತಳಕ್ಕೆ ಎರಡೂವರೆ, ಹೆಚ್ಚೆಂದರೆ ಮೂರು ಅಡಿ ಸಾಕು. ಎಲೆಯ ಮೇಲೆ ಬೆಳಕು ಬೀಳಲಿ, ಕೂತವರ ಕಣ್ಣಿಗೆ ಬಲ್ಬು ಬೀಳದಿರಲಿ. ಡೆನ್ಮಾರ್ಕಿನ ಪೌಲ್ ಹೆನಿಂಗ್ಸನ್ ಇದೊಂದಕ್ಕಾಗಿ ಮೂರು ದಶಕ ತಲೆ ಕೆಡಿಸಿಕೊಂಡ. ಅವನ 1958ರ ‘ಪಿಎಚ್ 5’ ಅರ್ಧ ಮೀಟರ್ ಅಗಲದ, ಪದರ ಪದರ ಛತ್ರಿಯ ದೀಪ. ಯಾವ ಮಗ್ಗುಲಿಂದ ನೋಡಿದರೂ ಒಳಗಿನ ಬಲ್ಬು ಕಣ್ಣು ಚುಚ್ಚುವುದಿಲ್ಲ.

ನನ್ನ ಕಣ್ಣು ತೆರೆಸಿದ್ದು ಮೈಸೂರು ಅರಮನೆಯ ಕಲ್ಯಾಣ ಮಂಟಪ. 1897ರಲ್ಲಿ ಹಳೇ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ್ದು. ಎಂಟು ಮೂಲೆಯ ಮಂಟಪ, ಗ್ಲಾಸ್ಗೋದಿಂದ ಬಂದ ಎರಕದ ಕಂಬಗಳು, ಮೇಲೆ ನವಿಲುಗಳ ಬಣ್ಣದ ಗಾಜು. ಆ ಗಾಜಿನ ನಟ್ಟನಡುವಿನಿಂದ ಇಳಿದ ತೂಗುದೀಪಗೊಂಚಲು ಅಷ್ಟು ದೊಡ್ಡ ಖಾಲಿ ಜಾಗವನ್ನು ಒಂದೇ ಬಿಂದುವಿಗೆ ಎಳೆದು ಕಟ್ಟಿತ್ತು. ಹಗಲು ಹೊತ್ತು, ಅದನ್ನು ಹಚ್ಚಿರಲಿಲ್ಲ. ಹಚ್ಚುವ ಅಗತ್ಯವೂ ಇರಲಿಲ್ಲ. ಜನ ಮಾತ್ರ ನೆಲದ ನವಿಲು ನೋಡಿ ಮುಂದೆ ಸಾಗುತ್ತಿದ್ದರು. ಅವರೇ ಭಾನುವಾರ ಸಂಜೆ ಹೊರಗಿನ ಸುಮಾರು ಒಂದು ಲಕ್ಷ ಬಲ್ಬು ಹತ್ತುವಾಗ ಮೊಬೈಲು ಎತ್ತಿ ಹಿಡಿಯುತ್ತಾರೆ. ಲೆಕ್ಕಕ್ಕೆ ಮರುಳಾಗುವವರಿಗೆ ಒಂಟಿ ದೀಪದ ರುಚಿ ಹತ್ತುವುದು ಕಷ್ಟ.

ಬಲ್ಬಿನ ವಿಚಾರ ಜಾಸ್ತಿ ಇಲ್ಲ. ಡಬ್ಬಿಯ ಮೇಲೆ 2700 ಕೆಲ್ವಿನ್ ಎಂದಿದ್ದರೆ ತನ್ನಿ. 6500ರ ಬಿಳಿ ಬೆಳಕಿನಲ್ಲಿ ಹಿತ್ತಾಳೆ, ಮರ ಎರಡೂ ಕಳೆಗೆಡುತ್ತವೆ. ಭಾರದ ದೀಪವನ್ನು ಪಿಓಪಿ ಹಲಗೆಗೆ ತೂಗಬೇಡಿ, ತೊಲೆಗೋ ಸ್ಲ್ಯಾಬಿಗೋ ಕೊಕ್ಕೆ ಹಾಕಿಸಿ. ಫ್ಯಾನಿನ ಮೇಲ್ಗಡೆಯಂತೂ ಬೇಡವೇ ಬೇಡ: ರೆಕ್ಕೆ ತಿರುಗಿದಷ್ಟು ಹೊತ್ತೂ ಕೋಣೆಯೆಲ್ಲ ನೆರಳು ಪಟಪಟಿಸುತ್ತದೆ.