ದುಂಡು ತಮ್ಮನಿಗೆ ಒತ್ತಿನ ಪರೀಕ್ಷೆ

ಕಡಬ, ಸುಳ್ಯ, ಪುತ್ತೂರು, ಬೆಳ್ಳಾರೆ. ದಪ್ಪನೆಯ ಕನ್ನಡ ಫಾಂಟೊಂದರ ತಾಕತ್ತು ಅಳೆಯಲು ಈ ನಾಲ್ಕು ಊರಿನ ಹೆಸರು ಸಾಕು. ಕಡಬದಲ್ಲಿ ಗೆರೆಯ ಕೆಳಗೆ ಏನೂ ಇಳಿಯುವುದಿಲ್ಲ. ಸುಳ್ಯಕ್ಕೆ ಯ ಒತ್ತು, ಪುತ್ತೂರಿಗೆ ತ ಒತ್ತು. ಬೆಳ್ಳಾರೆಗಂತೂ ತಲೆಯ ಮೇಲೆ ಎರಡು ಎತ್ವ, ನಡುವೆ ದೀರ್ಘ, ಕೆಳಗೆ ಳ ಒತ್ತು.

ಮುಂಬೈಯ ಏಕ್ ಟೈಪ್ ತಂಡ 2016ರಲ್ಲಿ ಹೊರತಂದ ‘ಬಲೂ ತಮ್ಮ’ ಈ ಪರೀಕ್ಷೆಯಲ್ಲಿ ಬಹುಪಾಲು ಗೆಲ್ಲುತ್ತದೆ. ತಮಿಳಿನ ಬಲೂ ತಂಬಿ, ತೆಲುಗಿನ ಬಲೂ ತಮ್ಮುಡು, ಮಲಯಾಳದ ಬಲೂ ಚೇಟ್ಟನ್ ಇದರ ಒಡಹುಟ್ಟುಗಳು. ಮುಕ್ತ ಪರವಾನಗಿಯಿರುವುದರಿಂದ ಸಣ್ಣ ಊರಿನ ಬೇಕರಿಯೂ ತನ್ನ ಬೋರ್ಡಿಗೆ ಕಾಸು ಕೊಡದೆ ಬಳಸಬಹುದು. ಮೊದಲು ಒಂದೇ ತೂಕದಲ್ಲಿ ಬಂದದ್ದು, ‘ಬಲೂ ತಮ್ಮ 2’ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾಬೋಲ್ಡ್‌ವರೆಗೆ ಐದು ತೂಕಗಳಿಗೆ ಬೆಳೆಯಿತು.

ಬಲೂ ತಮ್ಮದ ತುದಿಗಳು ದುಂಡು. ರೋಮನ್ ಲಿಪಿಯಲ್ಲಿ ತುದಿ ದುಂಡಗಾದರೆ ಅಕ್ಷರದ ಚಹರೆಯೇ ಬದಲಾಗುತ್ತದೆ. ಫೋಕ್ಸ್‌ವ್ಯಾಗನ್‌ಗಾಗಿ 1979ರಲ್ಲಿ ತಯಾರಾದ ವ್ಯಾಗ್ ರೌಂಡೆಡ್ ಇದನ್ನೇ ನೆಚ್ಚಿತ್ತು. ಕನ್ನಡದ ಅಕ್ಷರಗಳಿಗೋ ಹೊಟ್ಟೆ ಮೊದಲೇ ದುಂಡು. ತುದಿ ಸವೆಸಿದ ಮಾತ್ರಕ್ಕೆ ಹೊಸ ಸ್ನೇಹಭಾವ ಹುಟ್ಟುವುದಿಲ್ಲ. ಬಲೂ ತಮ್ಮದ ಜಾಣ್ಮೆ ಇರುವುದು ತೂಕ ಹಂಚಿದ ರೀತಿಯಲ್ಲಿ. ಗೆರೆಗಳು ಕೂಡುವಲ್ಲಿ ದಪ್ಪ ತುಸು ತಗ್ಗುತ್ತದೆ, ಹೊಟ್ಟೆಯೊಳಗಿನ ಬಿಳಿ ಉಳಿಯುತ್ತದೆ. ಹೀಗಾಗಿ ‘ಕಡಬ’ ತುಂಬಿಕೊಂಡು ಕೂತರೂ ಮುದ್ದೆಯಾಗುವುದಿಲ್ಲ.

ತೊಡಕಿರುವುದು ಒತ್ತಿನಲ್ಲಿ.

ಬೋರ್ಡಿನ ಎತ್ತರ ನಿಗದಿಯಾಗಿರುತ್ತದೆ. ‘ಬೆಳ್ಳಾರೆ’ ಬರೆದರೆ ಒತ್ತಿಗೆ ಜಾಗ ಬಿಡಬೇಕು. ಮುಖ್ಯ ಅಕ್ಷರಗಳು ಕುಗ್ಗುತ್ತವೆ. ಕುಂಚ ಹಿಡಿದ ಕಲಾವಿದನಾದರೆ ಒತ್ತನ್ನು ಚಪ್ಪಟೆ ಮಾಡಿ, ಪಕ್ಕದ ಅಕ್ಷರದ ಅಡಿಗೆ ಜರುಗಿಸಿ ಜಾಗ ಉಳಿಸುತ್ತಾನೆ. ಫಾಂಟಿಗೆ ಆ ಸ್ವಾತಂತ್ರ್ಯವಿಲ್ಲ. ‘ಲಕ್ಷ್ಮೀ’ಯಂಥ ಜೋಡಿ ಒತ್ತು ಬಂದರಂತೂ ಕೆಳಗಿನ ಸಾಲನ್ನು ಇನ್ನಷ್ಟು ತಳ್ಳಲೇಬೇಕು. ಮಹಾಪ್ರಾಣಗಳದ್ದು ಮತ್ತೊಂದು ಪಾಡು: ದ–ಧ, ಡ–ಢಗಳನ್ನು ಬೇರ್ಪಡಿಸುವುದು ಬುಡದ ಪುಟ್ಟ ಗೀಟು ಮಾತ್ರ. ಅತಿ ದಪ್ಪದಲ್ಲಿ ಅದು ಮೊಂಡಾಗಿ, ಓಡುವ ಬಸ್ಸಿನಿಂದ ನೋಡುವವರಿಗೆ ಸುಲಭಕ್ಕೆ ದಕ್ಕುವುದಿಲ್ಲ.

ಕರ್ನಾಟಕದ 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ (ತಿದ್ದುಪಡಿ) ಕಾಯ್ದೆ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡವನ್ನು ಕಡ್ಡಾಯ ಮಾಡಿದೆ. ಎರಡು ಲಿಪಿ ಒಂದೇ ಹಲಗೆ ಹಂಚಿಕೊಳ್ಳುವಾಗ, ಕನ್ನಡ ಬಡಕಲಾಗಿ ಇಂಗ್ಲಿಷ್ ಗಟ್ಟಿಯಾಗಿ ಕಾಣುವುದು ಹಳೆಯ ರೋಗ. ಬಲೂ ತಮ್ಮದ ರೋಮನ್ ಅಕ್ಷರಗಳು ಕನ್ನಡದಷ್ಟೇ ತೂಗುತ್ತವೆ; ಈ ಒಂದು ಕಾರಣಕ್ಕೇ ಅದನ್ನು ಆರಿಸಬಹುದು. ಆದರೆ ಇದು ಯೂನಿಕೋಡ್ ಫಾಂಟು. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳನ್ನೂ ಪೇಜ್‌ಮೇಕರನ್ನೂ ಬಿಡದ ಡಿಟಿಪಿ ಅಂಗಡಿಯಲ್ಲಿ ಇದು ಓಡುವುದಿಲ್ಲ.

ಕಡಬದಂಥ ಚಿಕ್ಕ, ಒತ್ತಿಲ್ಲದ ಹೆಸರಿಗೆ ಎಕ್ಸ್‌ಟ್ರಾಬೋಲ್ಡ್ ಒಪ್ಪುತ್ತದೆ. ಬೆಳ್ಳಾರೆಗೆ ಸೆಮಿಬೋಲ್ಡ್ ಮೇಲು. ಬೋರ್ಡಿನ ಕೆಳಸಾಲಿನ ವಿಳಾಸಕ್ಕೆ ನೋಟೊ ಸಾನ್ಸ್‌ನಂಥ ಸಪೂರ ಫಾಂಟನ್ನೇ ಹುಡುಕಬೇಕು.