ಊರು ತಾನಾಗೇ ಬದಲಾಯಿತೇ?

ಮೊದಲು ಮೇಷ್ಟ್ರುಗಳಿಗೆ ಒಂದು ವ್ಯಾಕರಣದ ಪ್ರಶ್ನೆ. 'ಊರು ಬದಲಾಯಿತು' ಅನ್ನುವ ವಾಕ್ಯದಲ್ಲಿ ಕರ್ತೃ ಯಾರು? 'ಊರು' ಅಂತ ಮಕ್ಕಳು ಹೇಳ್ತವೆ, ಮಾರ್ಕೂ ತಗೋತವೆ. ನಾವೂ ಹಾಗೇ ಬರೆದು ಪಾಸಾದವರು. ಆದರೆ ಊರಿಗೆ ಕೈಯಿಲ್ಲ, ಕಾಲಿಲ್ಲ, ರಿಜಿಸ್ಟರ್ ಆಫೀಸಿನಲ್ಲಿ ರುಜು ಹಾಕುವ ಬೆರಳಿಲ್ಲ. ಈ ವಾಕ್ಯವನ್ನು ಒಪ್ಪಿಕೊಂಡರೆ ರುಜು ಹಾಕಿದವರೆಲ್ಲ ತಪ್ಪಿಸಿಕೊಳ್ತಾರೆ.

ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ ಸೇಂಟ್ ಲೂಯಿಸ್ ಶಹರದ ಮಗ್ಗುಲಿಗೆ ಫರ್ಗುಸನ್ ಅಂತ ಒಂದು ಸಣ್ಣ ಪಟ್ಟಣ. 1970ರ ಜನಗಣತಿಯಲ್ಲಿ ಅಲ್ಲಿ ನೂರಕ್ಕೆ 99 ಮಂದಿ ಬಿಳಿಯರು. ಕಪ್ಪು ಜನರ ಪಾಲು 1980ರಲ್ಲಿ ನೂರಕ್ಕೆ 14, 1990ರಲ್ಲಿ 25, 2000ದಲ್ಲಿ 52, 2010ರಲ್ಲಿ 67. ನಲವತ್ತು ವರ್ಷದಲ್ಲಿ ಊರು ತಲೆಕೆಳಗಾಯಿತು. 2014ರ ಆಗಸ್ಟ್ 9ರಂದು ಆ ಊರಿನ ಬೀದಿಯಲ್ಲಿ ಮೈಕೇಲ್ ಬ್ರೌನ್ ಎಂಬ ಹದಿನೆಂಟರ ಹುಡುಗನನ್ನು ಪೊಲೀಸಿನವನು ಗುಂಡಿಟ್ಟು ಕೊಂದ. ಹೆಣ ಸುಮಾರು ನಾಲ್ಕು ಗಂಟೆ ರಸ್ತೆಯಲ್ಲೇ ಬಿದ್ದಿತ್ತು. ಆಮೇಲೆ ಪೇಪರಿನವರು ಈ ಅಂಕಿಗಳನ್ನು ಎತ್ತಿ ಎತ್ತಿ ಬರೆದರು. ಬರೆದದ್ದು ಮಾತ್ರ ಅದೇ ವಾಕ್ಯ: ಊರು ಬದಲಾಯಿತು. ಮಳೆ ಬಂತು, ಕೆರೆ ತುಂಬಿತು ಅನ್ನೋ ಹಾಗೆ!

ಇದಕ್ಕೆ ಅಲ್ಲಿನ ಪಂಡಿತರು ಇಟ್ಟಿರುವ ಇನ್ನೊಂದು ಹೆಸರು 'ಬಿಳಿಯರ ಪಲಾಯನ'. ಈ ಮಾತಿನ ಕುತಂತ್ರ ನೋಡಬೇಕು. ಪಲಾಯನ ಮಾಡುವವನು ಯಾರು? ಬರ ಬಿದ್ದವನು, ಮನೆ ಸುಟ್ಟುಕೊಂಡವನು, ದೊಣ್ಣೆ ಕಂಡು ಓಡುವವನು. ಮನೆ ಮಾರಿ, ದುಡ್ಡು ಎಣಿಸಿಕೊಂಡು, ಇನ್ನೂ ದೊಡ್ಡ ಮನೆಗೆ ಸಾಲ ಪಡೆದು ಹೋದವನನ್ನು ನಿರಾಶ್ರಿತನ ಹಾಗೆ ತೋರಿಸುವ ಶಬ್ದ ಇದು. ಹಾಗಾದರೆ ಬಂದವನು ಯಾರಾಗ್ತಾನೆ? ದಾಳಿಕೋರ!

ಆದ್ದರಿಂದ ಪೇಪರಿನವರ ಬದಲು ನಾವು ಒಂದು ನಾಟಕ ಓದಬೇಕು ಅಂತ ಅನಿಸಿತು. ಲೊರೇನ್ ಹ್ಯಾನ್ಸ್‌ಬೆರಿಯ 'ಎ ರೈಸಿನ್ ಇನ್ ದ ಸನ್', 1959. ಬ್ರಾಡ್‌ವೇ ರಂಗಮಂದಿರಕ್ಕೆ ಏರಿದ, ಕಪ್ಪು ಹೆಂಗಸೊಬ್ಬಳು ಬರೆದ ಮೊದಲ ನಾಟಕ. ಶಿಕಾಗೋದ ಕಿಷ್ಕಿಂಧೆಯಂಥ ಬಾಡಿಗೆ ಮನೆಯಲ್ಲಿ ಒಂದು ಕುಟುಂಬ. ಗಂಡ ಸತ್ತು ಬಂದ ವಿಮೆಯ ಹತ್ತು ಸಾವಿರ ಡಾಲರಿನಲ್ಲಿ ಅಜ್ಜಿ ಲೀನಾ ಬಿಳಿಯರ ಬಡಾವಣೆಯಲ್ಲಿ ಒಂದು ಮನೆಗೆ ಮುಂಗಡ ಕೊಟ್ಟು ಬರ್ತಾಳೆ. ಉಳಿದ ದುಡ್ಡನ್ನು ಮಗ ವಾಲ್ಟರ್ ಮೋಸಗಾರನೊಬ್ಬನ ಕೈಗೆ ಕೊಟ್ಟು ಕಳೀತಾನೆ. ಈ ನಡುವೆ ಬಡಾವಣೆಯ ಸಂಘದ ಪ್ರತಿನಿಧಿ ಲಿಂಡ್ನರ್ ಬರ್ತಾನೆ. ದೊಣ್ಣೆ ಹಿಡಿದು ಅಲ್ಲ. ಟೋಪಿ ಕೈಯಲ್ಲಿ ಹಿಡಿದು, ನಯವಾಗಿ, 'ನೀವು ಬರದಿದ್ದರೆ ನಿಮಗೆ ಲಾಭ ಆಗುವ ಹಾಗೆ ದುಡ್ಡು ಕೊಡ್ತೀವಿ' ಅನ್ನುವ ಧಾಟಿಯಲ್ಲಿ.

ಈ ಲಿಂಡ್ನರ್ ನಮಗೆ ಬಹಳ ಗುರುತಿನ ಮನುಷ್ಯ. ಡಿಗ್ರಿ ಮುಗಿಸಿ ಪಟ್ಟಣಕ್ಕೆ ಬಂದು ರೂಮು ಹುಡುಕಿದ ನಮ್ಮ ಪೈಕಿ ಯಾರನ್ನಾದರೂ ಕೇಳಿ. ಕೂರಿಸಿ ನೀರು ಕೊಟ್ಟು, ಊರು ಕೇಳಿ, ಅಪ್ಪನ ಹೆಸರು ಕೇಳಿ, ಕೊನೆಗೆ 'ನಮ್ಮ ಅಳಿಯ ಬರೋದಿದೆ ಕಣಪ್ಪ, ರೂಮು ಖಾಲಿ ಇಲ್ಲ' ಅಂತ ಹೇಳಿದ ದನಿಯಲ್ಲಿ ಒಂದು ಚೂರು ಕೋಪ ಇರಲಿಲ್ಲ. ಹ್ಯಾನ್ಸ್‌ಬೆರಿಯ ಶಕ್ತಿ ಇರುವುದು ಇಲ್ಲೇ. ಕಿರುಚುವ ಖಳನಾಯಕನನ್ನು ಬರೆಯುವುದು ಸುಲಭ, ನಾವೂ ನಮ್ಮ ಪದ್ಯಗಳಲ್ಲಿ ಬೇಕಾದಷ್ಟು ಬರೆದಿದ್ದೇವೆ. ನಯವಂತನನ್ನು ಬರೆಯುವುದು ಕಷ್ಟ.

ಆಕೆ ಇದನ್ನು ಕಲ್ಪನೆಯಿಂದ ತಂದಿರಲಿಲ್ಲ. ಆಕೆ ಮಗುವಾಗಿದ್ದಾಗ 1937ರಲ್ಲಿ ಅಪ್ಪ ಬಿಳಿಯರ ಕೇರಿಯಲ್ಲಿ ಮನೆ ತಗೊಂಡ. ಗುಂಪು ಬಂದು ಕಲ್ಲು ತೂರಿತು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 1940ರಲ್ಲಿ ಅಪ್ಪ ಗೆದ್ದ. ಆದರೂ ನಾಟಕ ಬಂದಾಗ ಕ್ರಾಂತಿಕಾರಿ ಯುವಕರು 'ಇದು ಮಧ್ಯಮವರ್ಗದವರ ಮನೆ ಕೊಳ್ಳುವ ಕಥೆ' ಅಂತ ಮೂಗು ಮುರಿದರು. ಕವಿ ಅಮೀರಿ ಬರಾಕಾ ಕೂಡ ಅದೇ ಸಾಲಿನಲ್ಲಿದ್ದ. 1980ರ ದಶಕದಲ್ಲಿ ಆತನೇ, ತಾನು ಆಗ ತಪ್ಪು ಓದಿದ್ದೆ ಅಂತ ಒಪ್ಪಿ ಬರೆದ. ನಮ್ಮ ಗೋಷ್ಠಿಗಳಲ್ಲಿ ಯಾರ ಕಥೆಯಲ್ಲಾದರೂ ಸ್ವಂತ ಮನೆಯ ಆಸೆ ಕಂಡರೆ 'ಇದರಲ್ಲಿ ಬಂಡಾಯ ಎಲ್ಲಿದೆ?' ಅಂತ ಏಳುವ ಗೆಳೆಯರು ಇದನ್ನು ಸ್ವಲ್ಪ ನೆನಪಿಡಲಿ. ಎಲ್ಲಿ ಮಲಗಬೇಕು ಅನ್ನೋದನ್ನು ಇನ್ನೊಬ್ಬ ತೀರ್ಮಾನ ಮಾಡಿಟ್ಟಿರುವಾಗ ಮನೆ ಕೊಳ್ಳೋದು ಸಣ್ಣ ವಿಷಯ ಅಲ್ಲ.

ಆದರೆ ನಮ್ಮ ತಕರಾರು ಬೇರೆ. ನಾಟಕದಲ್ಲಿ ವಾಲ್ಟರ್ ಕೊನೆಗೆ ದುಡ್ಡು ಒಲ್ಲೆ ಅಂತಾನೆ, ಸಾಮಾನು ಹೊರಡುತ್ತೆ, ಲೀನಾ ತನ್ನ ಸೊರಗಿದ ಗಿಡದ ಕುಂಡ ಎತ್ತಿಕೊಂಡು ಹೋಗ್ತಾಳೆ, ಪರದೆ ಬೀಳುತ್ತೆ. ಪ್ರೇಕ್ಷಕ ಕಣ್ಣೊರೆಸಿಕೊಂಡು ಎದ್ದು ಹೋಗ್ತಾನೆ. ಹೋದ ಮೇಲೆ ಅಲ್ಲಿ ಏನಾಯಿತು? ಆ ಮುಂದಿನ ಅಂಕಕ್ಕೇ ಫರ್ಗುಸನ್ ಅಂತ ಹೆಸರು.

ಆ ಅಂಕಕ್ಕೆ ಮೊದಲು ಅಲ್ಲಿನ ನಕಾಶೆ ನೋಡಬೇಕು. ಫರ್ಗುಸನ್ ಪಕ್ಕದಲ್ಲೇ ಕಿನ್‌ಲಾಕ್, ಪೂರ್ತಿ ಕಪ್ಪು ಜನರ ಊರು. 1960ರ ದಶಕದ ನಡುವಿನವರೆಗೂ ಎರಡರ ಮಧ್ಯದ ದೊಡ್ಡ ರಸ್ತೆಗೆ ಫರ್ಗುಸನ್ನಿನವರು ಸರಪಳಿ ಕಟ್ಟಿ, ಕಟ್ಟಡದ ಸಾಮಾನು ಅಡ್ಡ ಹಾಕಿದ್ದರು. ಕತ್ತಲಾದ ಮೇಲೆ ಕಪ್ಪು ಮನುಷ್ಯ ಆ ಊರಲ್ಲಿ ಇರುವ ಹಾಗಿಲ್ಲ. ಇನ್ನೊಂದು ದಾರಿಯನ್ನು ಮಾತ್ರ ಹಗಲು ಹೊತ್ತು ಬಿಟ್ಟಿದ್ದರು. ಯಾಕೆ? ಮನೆಗೆಲಸದವರು, ಮಗು ಆಡಿಸುವವರು ಬರಬೇಕಲ್ಲ! ಬೆವರಿಗೆ ದಾರಿ ಇತ್ತು, ಬೆವರು ಸುರಿಸಿದವಳಿಗೆ ಇರಲಿಲ್ಲ. ಊರು ಮತ್ತು ಕೇರಿ ಅಂತ ಎರಡು ಶಬ್ದ ಇಟ್ಟುಕೊಂಡಿರುವ ನಮ್ಮ ಭಾಷೆಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಪತ್ರಗಳು. ಸೇಂಟ್ ಲೂಯಿಸ್ ಶಹರದ ಒಂದು ಬೀದಿಯ ಮನೆಗಳ ಮೇಲೆ 1911ರಲ್ಲೇ ಕರಾರು ಬರೆಸಿದ್ದರು: ಐವತ್ತು ವರ್ಷ ಕರಿಯರಿಗೆ, ಮಂಗೋಲಿಯನ್ನರಿಗೆ ಕೊಡಕೂಡದು. 1945ರಲ್ಲಿ ಶೆಲ್ಲಿ ಎಂಬ ಕಪ್ಪು ಕುಟುಂಬ ಅಲ್ಲಿ ಮನೆ ತಗೊಂಡಾಗ ನೆರೆಯವರು ಕೋರ್ಟಿಗೆ ಎಳೆದರು. 1948ರಲ್ಲಿ ಸುಪ್ರೀಂ ಕೋರ್ಟು ಇಂಥ ಕರಾರನ್ನು ಕೋರ್ಟುಗಳು ಜಾರಿ ಮಾಡಕೂಡದು ಅಂತು. ಕರಾರಿನ ಹಲ್ಲು ಮುರಿಯಿತು, ಸಾಲದ ಹಲ್ಲು ಉಳಿಯಿತು. 1934ರಿಂದ ಮನೆಸಾಲಕ್ಕೆ ಜಾಮೀನು ನಿಲ್ಲುತ್ತಿದ್ದ ಕೇಂದ್ರ ಸರ್ಕಾರದ ಇಲಾಖೆಯೇ ಕರಿಯರ ಕೇರಿಗಳನ್ನು ಹೊರಗಿಟ್ಟಿತ್ತು. ಮೇಲಿಂದ ದಳ್ಳಾಳಿಗಳು. 'ಕರಿಯರು ಬರ್ತಾ ಇದ್ದಾರೆ, ಬೆಲೆ ಬೀಳುತ್ತೆ, ಬೇಗ ಮಾರಿ' ಅಂತ ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಕೊಳ್ಳೋದು, ದುಬಾರಿಗೆ ಕರಿಯರಿಗೆ ಮಾರೋದು. 1968ರ ಕಾಯ್ದೆ ಇದನ್ನು ನಿಷೇಧಿಸಿತು. ನೋಡಿ, ನಮ್ಮ ವಾಕ್ಯಕ್ಕೆ ಒಬ್ಬೊಬ್ಬರಾಗಿ ಕರ್ತೃಗಳು ಸಿಗ್ತಾ ಇದ್ದಾರೆ. ಕಿನ್‌ಲಾಕ್‌ನದು ಇನ್ನೂ ದಾರುಣ. ಪಕ್ಕದ ವಿಮಾನ ನಿಲ್ದಾಣದ ಸದ್ದಿನ ನೆಪದಲ್ಲಿ 1980ರ ದಶಕದಿಂದ ಮನೆಗಳನ್ನು ಕೊಂಡು ಕೊಂಡು ಕೆಡವಿದರು. 1960ರಲ್ಲಿ ಆರೂವರೆ ಸಾವಿರ ಜನ ಇದ್ದ ಊರಿನಲ್ಲಿ 2010ರಲ್ಲಿ ಉಳಿದದ್ದು 298.

ಹೀಗೆ ಅಲ್ಲಿಂದಿಲ್ಲಿಂದ ಎದ್ದ ಜನ ಫರ್ಗುಸನ್ನಿಗೆ ಬಂದರು. ಬೀದಿ ಅವರದಾಯಿತು, ಕುರ್ಚಿ ಆಗಲಿಲ್ಲ. 2014ರಲ್ಲಿ ಮೇಯರು ಬಿಳಿಯ, ಆರು ಜನರ ಕೌನ್ಸಿಲಿನಲ್ಲಿ ಒಬ್ಬರು ಮಾತ್ರ ಕಪ್ಪು, 54 ಪೊಲೀಸರಲ್ಲಿ ನಾಲ್ಕು ಜನ. ಅಮೆರಿಕದ ನ್ಯಾಯ ಇಲಾಖೆ 2015ರ ಮಾರ್ಚಿನಲ್ಲಿ ಕೊಟ್ಟ ವರದಿಯನ್ನು ನಾವು ಒಂದು ಸಾಹಿತ್ಯ ಕೃತಿ ಅಂತಲೇ ಓದಿದ್ದೇವೆ. (ಅದೇ ದಿನ ಅದೇ ಇಲಾಖೆ, ಗುಂಡು ಹೊಡೆದವನ ಮೇಲೆ ಕೇಸು ಹಾಕಲು ಆಧಾರ ಇಲ್ಲ ಅಂತ ಇನ್ನೊಂದು ವರದಿಯನ್ನೂ ಕೊಟ್ಟಿತು. ಅದನ್ನು ಮುಚ್ಚಿಟ್ಟು ಬರೆಯುವುದು ನಮಗೆ ಬೇಡ.) ಜನಸಂಖ್ಯೆಯಲ್ಲಿ ನೂರಕ್ಕೆ 67 ಇರುವವರು, ಪೊಲೀಸರು ತಡೆದ ವಾಹನಗಳಲ್ಲಿ 85, ಬಂಧನಗಳಲ್ಲಿ 93. 'ರಸ್ತೆಯಲ್ಲಿ ನಡೆದ ರೀತಿ' ಅಂತ ಅಲ್ಲೊಂದು ಅಪರಾಧ! ಅದರ ಅಡಿ ಸಿಕ್ಕಿಸಿದವರಲ್ಲಿ ನೂರಕ್ಕೆ 95 ಕಪ್ಪು ಜನ. ಮೈಕೇಲ್ ಬ್ರೌನನನ್ನೂ ಮೊದಲು ತಡೆದದ್ದು ರಸ್ತೆಯ ನಡುವೆ ನಡೆದದ್ದಕ್ಕೆ. ಅಗ್ರಹಾರದ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ನಮ್ಮ ತಾತಂದಿರು ಇದನ್ನು ಓದಿದ್ದರೆ ನಗುತ್ತಿದ್ದರೋ ಏನೋ.

ವರದಿ ದಂಡದ ಲೆಕ್ಕವನ್ನೂ ಬಿಚ್ಚಿಡುತ್ತದೆ. 2010ರ ಲೆಕ್ಕದಲ್ಲಿ ದಂಡ, ಶುಲ್ಕಗಳಿಂದ ಊರಿಗೆ ಬಂದದ್ದು 13.8 ಲಕ್ಷ ಡಾಲರ್. 2015ಕ್ಕೆ ಅಂದಾಜಿಟ್ಟದ್ದು 30.9 ಲಕ್ಷ. ಹಿಂದೆ ಸರಪಳಿ ಕಟ್ಟಿ ಹೊರಗಿಟ್ಟವರನ್ನು ಈಗ ಒಳಗಿಟ್ಟುಕೊಂಡು ಕರೆಯುತ್ತಿದ್ದರು, ಹಸುವಿನ ಹಾಗೆ.

ಕೃತಿಯಾಗಿ ವರದಿಯ ಗುಣ ಏನೆಂದರೆ ಅದಕ್ಕೆ ಕರ್ತೃವಿನ ಭಯ ಇಲ್ಲ: ಯಾವ ಅಧಿಕಾರಿ ಯಾರಿಗೆ ಏನು ಬರೆದ ಅಂತ ಇಡುತ್ತದೆ. ದೋಷ ಇರುವುದು ಕರ್ಮಪದದಲ್ಲಿ, ಅಂದರೆ ಪೆಟ್ಟು ತಿಂದವರಲ್ಲಿ. ಅದರಲ್ಲೊಬ್ಬ ಕಪ್ಪು ಹೆಂಗಸು ಬರ್ತಾಳೆ. 2007ರಲ್ಲಿ ಒಂದು ಸಲ ಕಾರು ತಪ್ಪಾಗಿ ನಿಲ್ಲಿಸಿದ್ದಳು. 151 ಡಾಲರ್ ದಂಡ, ಮೇಲೆ ಶುಲ್ಕ. ಕಟ್ಟಲಾಗಲಿಲ್ಲ, ವಾಯಿದೆ ತಪ್ಪಿತು, ವಾರಂಟು, ಮತ್ತೆ ದಂಡ. ಎರಡು ಸಲ ಬಂಧನ, ಆರು ದಿನ ಜೈಲು. 2014ರ ಡಿಸೆಂಬರಿನ ಹೊತ್ತಿಗೆ 550 ಡಾಲರ್ ಕಟ್ಟಿದ್ದಳು, ಇನ್ನೂ 541 ಬಾಕಿ. ನಮ್ಮ ಹಳ್ಳಿಗಳ ಬಡ್ಡಿ ಲೆಕ್ಕದವರು ಕೈಮುಗಿಯಬೇಕು.

ಕವಿಗಳಾದ ನಮಗೆ ಇಷ್ಟು ಸಾಲದು. ಲೀನಾಳ ಗಿಡದ ಕುಂಡ ನಮಗೆ ಗೊತ್ತು. ಆ ಕುಂಡ ಇಳಿಸಿದ ಬಡಾವಣೆಯಲ್ಲಿ, ಐವತ್ತು ವರ್ಷ ಆದಮೇಲೆ, ಈ ಹೆಂಗಸು ಬಾಗಿಲು ತೆಗೆದು ವಾರಂಟು ಇಸ್ಕೊಳ್ತಾಳೆ. 2015ರ ಚುನಾವಣೆಯಲ್ಲಿ ಕೌನ್ಸಿಲಿನಲ್ಲಿ ಕಪ್ಪು ಸದಸ್ಯರು ಮೂವರಾದರು, 2020ರಲ್ಲಿ ಎಲ್ಲಾ ಜೋನ್ಸ್ ಮೊದಲ ಕಪ್ಪು ಮೇಯರಾದರು. ಅದನ್ನು ಬರೆಯುವವರಿದ್ದಾರೆ. ಆ ಆರು ದಿನ ಈ ಹೆಂಗಸಿನ ಮನೆಯ ಬೀಗದ ಕೈ ಯಾರ ಹತ್ತಿರ ಇತ್ತು, ಒಲೆ ಯಾರು ಹಚ್ಚಿದರು, ಹೊರಗೆ ಬಂದ ದಿನ ಅವಳು ಯಾವ ರಸ್ತೆಯಲ್ಲಿ, ಯಾವ ರೀತಿ ನಡೆದು ಮನೆಗೆ ಹೋದಳು ಅನ್ನೋದನ್ನು ವರದಿ ಬರೆದುಕೊಂಡಿಲ್ಲ.