‘ಹಯವದನ’ದ ಸಂಕೇತ: ಪ್ಲೇಟೋ ಮತ್ತು ಶರಣರ ಕಾಯಭಾವ

ಗ್ರೀಕರ ಪರಿಚಯ ಕನ್ನಡ ನಾಟಕಕ್ಕೆ ಹೊಸದೇನಲ್ಲ. ಬಿ.ಎಂ.ಶ್ರೀಯವರು ಸೊಫೋಕ್ಲಿಸನ ‘ಅಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ (1929) ಆಗಿ ರೂಪಾಂತರಿಸಿದರು. ಈಸ್ಕಿಲಸನ ಕೃತಿಯನ್ನು ‘ಪಾರಸಿಕರು’ (1935) ಎಂದು ಕನ್ನಡಿಸಿದರು. ಅಲ್ಲಿ ನಮಗೆ ದೊರೆತದ್ದು ಗ್ರೀಕರ ನಾಟಕ. ಗ್ರೀಕರ ತತ್ತ್ವವು ನಾಟಕದ ಸಂಕೇತವನ್ನು ಹೇಗೆ ಬೆಳಗಬಲ್ಲುದೆಂಬುದಕ್ಕೆ ಗಿರೀಶ ಕಾರ್ನಾಡರ ‘ಹಯವದನ’ (1971) ಉತ್ತಮ ನಿದರ್ಶನ.

ಕಾಳಿಯ ಗುಡಿಯಲ್ಲಿ ದೇವದತ್ತ, ಕಪಿಲರಿಬ್ಬರೂ ಶಿರಚ್ಛೇದ ಮಾಡಿಕೊಳ್ಳುತ್ತಾರೆ. ಪದ್ಮಿನಿ ತಲೆಗಳನ್ನು ಅದಲುಬದಲಾಗಿ ಜೋಡಿಸುತ್ತಾಳೆ. ಗಂಡನಾರು? ಮೂಲವಾದ ಬೇತಾಳ ಕಥೆಯಲ್ಲಿ, ಅಂಗಗಳಲ್ಲಿ ಶಿರಸ್ಸೇ ಪ್ರಧಾನವೆಂದು ವಿಕ್ರಮನು ಹೇಳುವಲ್ಲಿಗೆ ಪ್ರಶ್ನೆ ಮುಗಿಯುತ್ತದೆ. ಆದರೆ ಮುಂಡವು ಆ ತೀರ್ಪಿಗೆ ಒಪ್ಪಿತೇ ಎಂದು 1940ರಲ್ಲಿ ಜರ್ಮನ್ ಲೇಖಕ ಥಾಮಸ್ ಮಾನ್ ಕೇಳಿದನು. ಕಾರ್ನಾಡರು ಆ ಎಳೆಯನ್ನು ಹಿಡಿದು ಮುಂದುವರಿದರು.

ಇಲ್ಲಿ ಪ್ಲೇಟೋವನ್ನು ನೆನೆಯುವುದು ಉಚಿತ. ಆತನ ‘ತಿಮಾಯಸ್’ ಸಂವಾದದಲ್ಲಿ ಆತ್ಮದ ದಿವ್ಯಾಂಶಕ್ಕೆ ದುಂಡಾದ ಶಿರಸ್ಸೇ ಮನೆ. ಶರೀರವು ಅದನ್ನು ಹೊರುವ ವಾಹನ. ಶೌರ್ಯ ಎದೆಯಲ್ಲಿ, ಹಸಿವು ಹೊಟ್ಟೆಯಲ್ಲಿ. ಇವುಗಳ ಮಾಲಿನ್ಯವು ದಿವ್ಯಾಂಶಕ್ಕೆ ತಾಗದಿರಲೆಂದೇ ನಡುವೆ ಕೊರಳನ್ನು ಗಡಿಯಾಗಿ ಇಡಲಾಗಿದೆ. ನಾಟಕದ ಕತ್ತಿ ಬೀಳುವುದು ಸರಿಯಾಗಿ ಆ ಗಡಿಯ ಮೇಲೆ! ಪ್ಲೇಟೋ ಈ ಕೃತಿಗೆ ನೇರ ಆಕರವೆಂದು ಸಾಧಿಸುವುದು ಪ್ರಕೃತ ಉದ್ದೇಶವಲ್ಲ. ಆ ತತ್ತ್ವದ ಬೆಳಕಿನಲ್ಲಿ ಸಂಕೇತದ ಆಳ ಕಾಣುತ್ತದೆಂಬುದಷ್ಟೇ ನಮ್ಮ ಮಾತು.

ಮೊದಲು ಶಿರಸ್ಸೇ ಗೆಲ್ಲುತ್ತದೆ. ಕಪಿಲನ ಗಟ್ಟಿಮೈ ದೇವದತ್ತನ ತಲೆಯ ಕೆಳಗೆ ದಿನೇ ದಿನೇ ಮೆತ್ತಗಾಗುತ್ತದೆ. ಅದನ್ನು ಮೊದಲು ಗುರುತಿಸುವವು ಮನೆಯ ಬೊಂಬೆಗಳು. ಹೊಂಗನೂರಿನಂತಹ ಚನ್ನಪಟ್ಟಣ ಸೀಮೆಯ ಊರುಗಳಲ್ಲಿ ಬೊಂಬೆಗಳ ನಡುವೆಯೇ ಬೆಳೆದ ನಮಗೆ ಈ ಕಲ್ಪನೆಯ ಔಚಿತ್ಯ ಬೇಗ ಹೊಳೆಯುತ್ತದೆ: ಹಿಡಿದ ಕೈಯ ಹದವನ್ನು ಬೊಂಬೆಗಿಂತ ಚೆನ್ನಾಗಿ ಅರಿಯುವವರಾರು? ಆದರೆ ಕಾಡು ಸೇರಿದ ಕಪಿಲನು, ತನಗೆ ಬಂದ ಮೈ ತಾನರಿಯದ ಸ್ಪರ್ಶಗಳ ನೆನಪನ್ನೂ ಹೊತ್ತು ತಂದಿದೆಯೆಂದು ಸಂಕಟಪಡುತ್ತಾನೆ. ದೇಹಕ್ಕೂ ತನ್ನದೇ ಸ್ಮೃತಿಯುಂಟೆಂಬ ಈ ದರ್ಶನವೇ ನಾಟಕದ ಜೀವಾಳ. ‘ತಿಮಾಯಸ್’ನ ವಾಹನವು ಇಲ್ಲಿ ಸವಾರನ ಮಾತನ್ನು ಮೀರುತ್ತದೆ.

ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ಇನ್ನೊಂದು ಕಥೆಯಿದೆ. ಎರಡಾಗಿ ಸೀಳಲ್ಪಟ್ಟ ಮನುಷ್ಯನು ತನ್ನ ಅರ್ಧವನ್ನು ಅರಸುವ ಹಂಬಲವೇ ಪ್ರೇಮ. ಪದ್ಮಿನಿಯೂ ಪೂರ್ಣತೆಯನ್ನು ಅರಸಿ ಚಿತೆಯನ್ನೇರುತ್ತಾಳೆ. ಹಯವದನನು ಪೂರ್ಣನಾಗುವುದು ಮನುಷ್ಯತ್ವವನ್ನು ಕಳೆದುಕೊಂಡು, ಬರಿಯ ಕುದುರೆಯಾಗಿ.

ನಾಟಕದ ಮಿತಿಯೂ ಇಲ್ಲಿಯೇ ಇದೆ. ಶಿರಸ್ಸಿನ ಅಧಿಕಾರವನ್ನು ಅದು ಬಲವಾಗಿ ಪ್ರಶ್ನಿಸುತ್ತದೆ; ಆದರೆ ಶಿರಸ್ಸು ಅರಸು, ದೇಹ ಆಳು ಎಂಬ ಲೆಕ್ಕವನ್ನು ಬಿಟ್ಟು ಹೊರಬರುವುದಿಲ್ಲ. ಬಸವಣ್ಣನವರು ಕಾಯವನ್ನೇ ಗುಡಿಯಾಗಿ ಕಂಡರು. ಆ ಗುಡಿಯಲ್ಲಿ ಶಿರಸ್ಸಿಗೆ ಕಲಶದ ಗೌರವವುಂಟು. ಆದರೆ ಕಾಲುಗಳೆಂಬ ಕಂಬವಿಲ್ಲದೆ ಕಲಶ ನಿಲ್ಲದು. ಅಲ್ಲಿ ಪೂರ್ಣತೆಯು ಅಂಗಗಳ ಜೋಡಣೆಯಿಂದ ಬರುವುದಲ್ಲ, ಒಳಗೆ ನೆಲೆಸಿದ ಚೈತನ್ಯದಿಂದ ಬರುವುದು. ನಡೆದಾಡುವ ಗುಡಿಗೆ ಅಳಿವಿಲ್ಲವೆಂಬ ಭರವಸೆಯ ಮೂಲವೂ ಅದೇ.

ಹಾಗೆಂದು ‘ಹಯವದನ’ದ ಬೆಲೆ ಕುಂದದು. ಗ್ರೀಕರ ಪ್ರಶ್ನೆಯನ್ನು ಅದು ಕನ್ನಡದ ರಂಗದ ಮೇಲೆ ಜೀವಂತವಾಗಿ ನಿಲ್ಲಿಸಿತು. ಉತ್ತರವನ್ನು ನಾವು ನಮ್ಮ ವಚನಗಳಲ್ಲಿ ಅರಸುವಂತೆ ಮಾಡಿದುದು ಅದರ ದೊಡ್ಡ ಉಪಕಾರ.